ಡಾರ್ಕಸ್ ಹೆಬ್ಡನ್ ಮಾಡಿದ ಪ್ರಮಾಣ

ಸ್ಕೆಲ್ವಿಕ್
ಶನಿವಾರ, ಮಾರ್ಚ್ 9, 1793

ಅಣ್ಣನಿಗೆ,

ನಿನ್ನ ಮಂಡಿನೋವು ಹೇಗಿದೆಯೆಂದು ಕೇಳಿ ಆಮೇಲೆ ವಿಷಯಕ್ಕೆ ಬರಬೇಕಿತ್ತು. ಇವತ್ತು ಆ ಕ್ರಮ ನನ್ನಿಂದಾಗುವುದಿಲ್ಲ.

ನಿನ್ನೆ ಬೆಳಿಗ್ಗೆ ನಮ್ಮೂರಿಗೆ ಹಿಡಿಯೋರು ಬಂದರು. ಯುದ್ಧ ಶುರುವಾದಾಗಿನಿಂದ ನೌಕಾಪಡೆಯವರು ಕರಾವಳಿಯುದ್ದಕ್ಕೂ ಗಂಡಸರನ್ನು ಹಿಡಿದು ಹಡಗಿಗೆ ತುಂಬುತ್ತಿದ್ದಾರೆಂದು ಕೇಳಿದ್ದೆವು. ಮೂವತ್ತು ಮನೆಯ ಸ್ಕೆಲ್ವಿಕ್‌ಗೆ ಯಾರು ಬರುತ್ತಾರೆ ಅಂದುಕೊಂಡಿದ್ದೆವು. ಹೆಂಗಸರು ದಂಡೆಯ ಮೇಲೆ ಕೂತು ಚಿಪ್ಪಿ ಬಿಡಿಸಿ ಗಾಳಕ್ಕೆ ಚುಚ್ಚುತ್ತಿದ್ದರು. ಎರಡು ದೋಣಿಗಳಲ್ಲಿ ಹದಿನೆಂಟು ಜನ ಬಂದಿಳಿದರು. ಕೈಯಲ್ಲಿ ದೊಣ್ಣೆ, ಸೊಂಟದಲ್ಲಿ ಕತ್ತಿ. ಐದು ಜನರನ್ನು ಹಿಡಿದರು. ಒಬ್ಬ ವಿಧವೆ ಬ್ಲೆಂಕಿನ್‌ಳ ಒಬ್ಬನೇ ಮಗ ಕಿಟ್, ಹತ್ತೊಂಬತ್ತರವನು. ಇನ್ನೊಬ್ಬ ನನ್ನ ಗೆಳತಿ ಮರ್ಸಿಯ ಗಂಡ, ಜೆತ್ರೋ ಕೌಲಿಂಗ್.

ಜೆತ್ರೋನನ್ನು ಹಿಡಿದದ್ದು ನನ್ನ ಶಾಲೆಯೊಳಗೆ. ಗಾಳಿಗೆ ಕಿತ್ತುಹೋಗಿದ್ದ ಕಿಟಕಿಯ ಕದ ಸರಿಮಾಡಲು ಬಂದಿದ್ದ. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಮಕ್ಕಳೆಲ್ಲ ಬೆಂಚಿನ ಮೇಲಿದ್ದರು, ಅವನ ಇಬ್ಬರು ಹುಡುಗಿಯರೂ ಇದ್ದರು. ಒಳಗೆ ನುಗ್ಗಿದವರನ್ನು ನೋಡಿ ಅವನು ಕೈಯೆತ್ತಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಬಾಯಿಂದ ತೆಗೆದು, ಮಕ್ಕಳು ತುಳಿದಾರೆಂದು ನನ್ನ ಮೇಜಿನ ಮೇಲಿಟ್ಟು, "ಹೊರಗೆ ಹೋಗಿ ಮಾತಾಡಾಣ" ಅಂದ. ಹೊರಗೆ ಹೋದ ಮೇಲೆ ಯಾರೂ ಮಾತಾಡಲಿಲ್ಲ, ಹೊಡೆದರು.

ಮೀನುಗಾರರಿಗೆ ಸರ್ಕಾರ ಕೊಡುವ ವಿನಾಯಿತಿ ಚೀಟಿ ಅವನಿಗಿದೆ. ಅದು ಮನೆಯಲ್ಲಿ ಕೋಟಿನ ಜೇಬಿನಲ್ಲಿತ್ತು. ಮರ್ಸಿ ಓಡಿಹೋಗಿ ತರುವಷ್ಟರಲ್ಲಿ ಅವನನ್ನು ದೋಣಿಗೆ ಹತ್ತಿಸಿದ್ದರು. ಅವರ ಲೆಫ್ಟಿನೆಂಟ್ ರೆನ್ಶಾ ಎಂಬುವನು ಚೀಟಿಯನ್ನು ಓದಿ, ಮಡಿಸಿ, ಅವಳ ಕೈಗೇ ಕೊಟ್ಟು, "ಇದು ಅವನ ಮೈಮೇಲಿರಬೇಕಿತ್ತಮ್ಮ, ನಿಮ್ಮ ಕೈಯಲ್ಲಲ್ಲ" ಅಂದ.

ಯಾವ ಅಧಿಕಾರದ ಮೇಲೆ ಬಂದಿರಿ ಎಂದು ನಾನು ಕೇಳಿದೆ. ಬಹಳ ಮರ್ಯಾದೆಯಿಂದ ತನ್ನ ವಾರಂಟನ್ನು ತೆಗೆದು ತೋರಿಸಿದ. ಕೆಳಗೆ, ಈ ಜಿಲ್ಲೆಯಲ್ಲಿ ಇದು ನಡೆಯಬಹುದು ಎಂದು ಒಪ್ಪಿ ಮ್ಯಾಜಿಸ್ಟ್ರೇಟರು ಹಾಕಿದ ಸಹಿ ಇತ್ತು. ರೋಲಂಡ್ ಹೆಬ್ಡನ್.

ಆ ಹೆಸರನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಲೆಫ್ಟಿನೆಂಟನೇ ದಂಡೆಗೆಲ್ಲ ಕೇಳುವ ಹಾಗೆ ಓದಿದ.

ಜೆತ್ರೋನನ್ನು ಬಿಡಿಸು ಅಣ್ಣ. ಐವರನ್ನೂ ಬಿಡಿಸು.

ನಿನ್ನ ತಂಗಿ,
ಡಾರ್ಕಸ್


ಹಾಲ್ಬರೋ
ಬುಧವಾರ, ಮಾರ್ಚ್ 13, 1793

ತಂಗಿ ಡಾರ್ಕಸ್‌ಗೆ,

ನಿನ್ನ ಪತ್ರ ತಲುಪಿತು. ನಿನ್ನ ಶಾಲೆಯಲ್ಲಿ ಹಾಗೆ ನಡೆದದ್ದಕ್ಕೆ ನನಗೆ ನಿಜವಾಗಿ ವ್ಯಥೆಯಾಗಿದೆ. ಆದರೆ ಕೆಲವು ಸಂಗತಿಗಳನ್ನು ನೀನು ಸಮಾಧಾನದಿಂದ ತಿಳಿದುಕೊಳ್ಳಬೇಕು.

ವಾರಂಟು ನನ್ನದಲ್ಲ, ಲಂಡನ್ನಿನಿಂದ ಬಂದದ್ದು. ಅದು ಕ್ರಮಬದ್ಧವಾಗಿದೆಯೇ ಎಂದು ನೋಡಿ ಸಹಿ ಹಾಕುವುದಷ್ಟೇ ಮ್ಯಾಜಿಸ್ಟ್ರೇಟನ ಕೆಲಸ. ನಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಿದ್ದ. ದೇಶಕ್ಕೆ ಯುದ್ಧ ಬಂದಿದೆ, ಹಡಗುಗಳಿಗೆ ಜನ ಬೇಕು. ನನ್ನ ಸಹಿ ಸ್ಕೆಲ್ವಿಕ್‌ನ ದಂಡೆಗೆ ಬಂದು ನಿಲ್ಲುತ್ತದೆಂದು ನಾನು ಯೋಚಿಸಿರಲಿಲ್ಲ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಜೆತ್ರೋನ ಚೀಟಿಯ ವಿಷಯದಲ್ಲಿ ಲೆಫ್ಟಿನೆಂಟನು ಹೇಳಿದ್ದು ನಿಯಮದ ಮಾತೇ. ಮನವಿ ಬರೆದು ಲಂಡನ್ನಿಗೆ ಕಳಿಸಬಹುದು. ಉತ್ತರಕ್ಕೆ ಎರಡು ತಿಂಗಳು ಬೇಕು. ಇಲ್ಲಿ ಬಂದರಿನಲ್ಲಿ ಲಂಗರು ಹಾಕಿರುವ ಅವರ ಹಡಗು ಏಪ್ರಿಲ್ ಮೊದಲ ವಾರದಲ್ಲಿ ಹೊರಡುತ್ತದೆ.

ಹಿಡಿದವನನ್ನು ಹಡಗಿನಿಂದ ಇಳಿಸುವ ಶಕ್ತಿ ನನ್ನ ಪೀಠಕ್ಕಿರುವುದು ಒಂದೇ ಸಂದರ್ಭದಲ್ಲಿ. ಅವನು ಬೇರೊಂದು ಕಾನೂನಿಗೆ ಮೊದಲೇ ಉತ್ತರ ಕೊಡಬೇಕಾದವನಾಗಿರಬೇಕು. ಕಳ್ಳತನವೋ, ಹೊಡೆದಾಟವೋ, ಅಥವಾ ಮದುವೆಯಾಗದ ಹೆಣ್ಣೊಬ್ಬಳು ಇವನಿಂದಲೇ ಬಸುರಾಗಿದ್ದೇನೆಂದು ಪ್ರಮಾಣ ಮಾಡಿದರೆ, ಆ ಮಗುವಿನ ಹೊರೆ ಊರ ಮೇಲೆ ಬೀಳದಂತೆ ಅವನನ್ನು ಹಿಡಿದಿಡುವುದೋ, ಇಂಥವು. ಜೆತ್ರೋ ಸಭ್ಯ ಮನುಷ್ಯ. ಅವನ ದುರದೃಷ್ಟವೂ ಅದೇ.

ಮರ್ಸಿಗೆ ಧೈರ್ಯ ಹೇಳು.

ನಿನ್ನ ಅಣ್ಣ,
ರೋಲಂಡ್


ಸ್ಕೆಲ್ವಿಕ್
ಶನಿವಾರ, ಮಾರ್ಚ್ 16, 1793

ಅಣ್ಣನಿಗೆ,

ನಿನ್ನ ಪತ್ರವನ್ನು ಮರ್ಸಿಗೆ ಓದಿ ಹೇಳಿದೆ. ಅವಳಿಗೆ ಓದು ಬರುವುದಿಲ್ಲವೆಂದು ನಿನಗೆ ಗೊತ್ತು. ಮೂರು ಸಲ ಓದಿಸಿಕೊಂಡಳು.

ಬುಧವಾರ ನಾನು ಹಾಲ್ಬರೋಗೆ ಬರುತ್ತೇನೆ. ನಿನ್ನ ಮನೆಗಲ್ಲ, ನಿನ್ನ ಕೋರ್ಟಿಗೆ. ಊಟಕ್ಕೆ ನನಗಾಗಿ ಕಾಯಬೇಡ.

ಡಾರ್ಕಸ್


ಹಾಲ್ಬರೋ
ಗುರುವಾರ, ಮಾರ್ಚ್ 21, 1793

ಡಾರ್ಕಸ್,

ನಿನ್ನೆಯಿಂದ ನನಗೆ ಕೆಲಸ ಸಾಗುತ್ತಿಲ್ಲ.

ಮೂವತ್ತೆಂಟು ವರ್ಷದ ನನ್ನ ತಂಗಿ, ಪಾದ್ರಿಯ ಮಗಳು, ತುಂಬಿದ ಕೋರ್ಟಿನಲ್ಲಿ ನನ್ನೆದುರು ನಿಂತು, ಬೈಬಲ್ ಮೇಲೆ ಕೈಯಿಟ್ಟು, ಹೆಂಡತಿ ಮಕ್ಕಳಿರುವ ಜೆತ್ರೋ ಕೌಲಿಂಗನಿಂದ ತಾನು ಬಸುರಿ ಎಂದು ಹೇಳಿದಳು. ನಿಯಮದ ಪ್ರಕಾರ ಎಲ್ಲಿ, ಯಾವಾಗ ಎಂದು ನಾನು ಕೇಳಬೇಕಾಯಿತು. ನೀನು ತಡವರಿಸಲಿಲ್ಲ. ಬಲೆ ಒಣಗಿಸುವ ಅಟ್ಟ ಎಂದೆ, ಕ್ರಿಸ್ಮಸ್ಸಿಗೆ ಹತ್ತು ದಿನ ಮುಂಚೆ ಎಂದೆ, ದೋಣಿಗಳು ಕಾಡ್ ಮೀನು ತುಂಬಿಕೊಂಡು ಬೇಗ ಬಂದ ದಿನ ಎಂದೆ, ಅವನ ತೋಳಿನ ಮೇಲೆ ಹಗ್ಗ ಉಜ್ಜಿದ ಗಾಯವಿತ್ತು ಎಂದೆ. ಗುಮಾಸ್ತನ ಲೇಖನಿ ನಿನ್ನ ಮಾತಿನ ವೇಗಕ್ಕೆ ಸಾಲದಾಯಿತು. ಹಿಂದೆ ಯಾರೋ ನಕ್ಕರು. ನೀನು ತಿರುಗಿ ನೋಡಲಿಲ್ಲ.

ಹೇಳಿಕೆ ನನ್ನ ಮೇಜಿನ ಮೇಲಿದೆ. ಅದರ ಮೇಲೆ ಬಂಧನದ ಆದೇಶ ಬರೆಯುವುದು ನನ್ನ ಕರ್ತವ್ಯ. ಒಂದು ದಿನವಾಯಿತು, ಬರೆದಿಲ್ಲ. ಸುಳ್ಳು ಪ್ರಮಾಣವೆಂದು ಗೊತ್ತಿದ್ದೂ ಆದೇಶ ಹೊರಡಿಸಿದರೆ ಇಪ್ಪತ್ತು ವರ್ಷ ನಾನು ಕೂತ ಕುರ್ಚಿಗೆ ಅರ್ಥವಿಲ್ಲ.

ಇದು ನಿಜವೇ? ಒಂದೇ ಒಂದು ಪದ ಬರೆ.

ರೋಲಂಡ್


ಸ್ಕೆಲ್ವಿಕ್
ಶನಿವಾರ, ಮಾರ್ಚ್ 23, 1793

ಅಣ್ಣನಿಗೆ,

ನನ್ನ ಪ್ರಮಾಣ ನಿನ್ನ ಮೇಜಿನ ಮೇಲಿದೆ. ಅದಕ್ಕಿಂತ ಹೆಚ್ಚಿನದನ್ನು ಮ್ಯಾಜಿಸ್ಟ್ರೇಟರು ಕೇಳುವಂತಿಲ್ಲ, ಅಂಚೆಯಲ್ಲಿ ಹೋಗುವ ಕಾಗದದಲ್ಲಿ ತಂಗಿ ಬರೆಯುವಂತಿಲ್ಲ.

ಒಂದು ಮಾತು ಹೇಳಬಲ್ಲೆ. ಬುಧವಾರ ಬೆಳಿಗ್ಗೆ ಮರ್ಸಿ ನನ್ನ ತಲೆ ಬಾಚಿದಳು. ತನ್ನ ಒಳ್ಳೆಯ ಶಾಲನ್ನು ನನಗೆ ಹೊದಿಸಿದಳು. ಊರ ಹೊರಗಿನ ಮೈಲಿಗಲ್ಲಿನವರೆಗೆ ನನ್ನ ಕೈ ಹಿಡಿದು ಬಂದಳು. ತನ್ನ ಗಂಡನನ್ನು ಕದ್ದವಳಿಗೆ ಯಾವ ಹೆಂಗಸೂ ಹಾಗೆ ಮಾಡುವುದಿಲ್ಲ. ಉಳಿದದ್ದನ್ನು ನೀನು ತಿಳಿದುಕೊಳ್ಳಬಲ್ಲೆ.

ನಾನು ಯಾಕೆ ಮುಂದೆ ಬಂದೆನೆಂದರೆ, ಅವನನ್ನು ಹಿಡಿದ ಕಾಗದದ ಮೇಲೆ ಇರುವುದು ನಮ್ಮ ಮನೆಯ ಹೆಸರು.

ಇಲ್ಲಿ ಶಾಲೆಗೆ ಇಪ್ಪತ್ತಾರು ಮಕ್ಕಳು ಬರುತ್ತಿದ್ದರು. ನಿನ್ನೆ ಒಂಬತ್ತು.

ಡಾರ್ಕಸ್


ಹಾಲ್ಬರೋ
ಬುಧವಾರ, ಏಪ್ರಿಲ್ 3, 1793

ತಂಗಿಗೆ,

ಅರ್ಥವಾಯಿತು. ನಿನ್ನ ಪತ್ರ ಬಂದ ದಿನವೇ ಆದೇಶಕ್ಕೆ ಸಹಿ ಹಾಕಿದೆ. ಮುಂದೆ ನಡೆದದ್ದನ್ನು ನಾನೇ ಬರೆಯಬೇಕು, ಏಕೆಂದರೆ ಊರಲ್ಲಿ ಇದನ್ನು ಹತ್ತು ಥರ ಹೇಳುತ್ತಿದ್ದಾರೆ.

ಆದೇಶ ಹಿಡಿದು ಹೋದ ಪೇದೆಯನ್ನು ಹಡಗಿನವರು ಏಣಿ ಹತ್ತಲು ಬಿಡಲಿಲ್ಲ, ಮೇಲಿಂದ ಪಾತ್ರೆ ತೊಳೆದ ನೀರು ಸುರಿದರು. ಮರುದಿನ ನಾನೇ ದೋಣಿಯಲ್ಲಿ ಹೋದೆ. ರೆನ್ಶಾ ನನ್ನನ್ನು ಮೇಲೆ ಕರೆದು ಕುರ್ಚಿ ಕೊಟ್ಟ. ಫೆಬ್ರವರಿಯಲ್ಲಿ ನನ್ನ ಮನೆಯಲ್ಲಿ ಊಟ ಮಾಡಿದ ಮನುಷ್ಯ. ಆದೇಶವನ್ನು ಪೂರ್ತಿ ಓದಿದ.

"ನಿಮ್ಮ ಮಾತು ನೆಲದ ಮೇಲೆ ನಡೆಯತ್ತೆ ಸ್ವಾಮಿ. ಇದು ನೀರು" ಅಂದ.

ಬಂದರಿನ ನೀರು ಜಿಲ್ಲೆಗೇ ಸೇರಿದ್ದು ಎಂದೆ. ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, "ಊರಿಗೊಬ್ಬ ಇಂಥ ತಂಗಿ ಇದ್ರೆ ನನ್ನ ಹಡಗು ಖಾಲಿ ಆಗಿ ಹೋಗತ್ತೆ" ಅಂದ.

ನಾನು ಎದ್ದು ಬಂದೆ. ಏಣಿ ಇಳಿಯುವಾಗ ಪೇದೆ ನನ್ನ ಕಾಲನ್ನು ಹಿಡಿದು ಮೆಟ್ಟಿಲ ಮೇಲಿಡಬೇಕಾಯಿತು. ನನ್ನ ಸಹಿ ಬೇಕಾದಾಗ ಈ ಜನ ಟೋಪಿ ತೆಗೆದು ಬಂದಿದ್ದರು. ಅದೇ ಸಹಿ ಅವರಿಗೆ ಬೇಡವಾದಾಗ ಅದು ಬರೀ ಮಸಿ.

ಈಸ್ಟರ್ ಭಾನುವಾರ ರೆನ್ಶಾ ಪ್ರಾರ್ಥನೆಗೆ ದಡಕ್ಕೆ ಬಂದ. ಚರ್ಚಿನ ಮೆಟ್ಟಿಲ ಮೇಲೆ, ಊರೆಲ್ಲ ನೋಡುತ್ತಿರುವಾಗ, ಕಾನೂನಿನ ಆದೇಶಕ್ಕೆ ಅಡ್ಡಬಂದ ಆರೋಪದ ಮೇಲೆ ನಾನು ಅವನನ್ನು ಹಿಡಿಸಿದೆ. ಅವನು ಕತ್ತಿಗೆ ಕೈಹಾಕಿದ, ಸುತ್ತ ಇದ್ದ ಜನರನ್ನು ನೋಡಿ ಕೈಬಿಟ್ಟ. ಈಗ ನಿಂತಿರುವುದು ನೆಲದ ಮೇಲೆ ಎಂದು ನಾನು ಹೇಳಲಿಲ್ಲ, ಹೇಳಬೇಕೆನ್ನಿಸಿತ್ತು. ಎರಡು ದಿನ ಅವನು ನಮ್ಮ ಜೈಲಿನಲ್ಲಿದ್ದ. ನಿನ್ನೆ ಸಂಜೆ ಅವನ ಮೇಲಧಿಕಾರಿ ಜೆತ್ರೋನನ್ನು ದಡಕ್ಕೆ ಕಳಿಸಿದ. ನಾನು ರೆನ್ಶಾನನ್ನು ಬಿಟ್ಟೆ.

ಜೆತ್ರೋನ ಎರಡು ಹಲ್ಲು ಹೋಗಿವೆ, ಪಕ್ಕೆ ನೋಯುತ್ತದೆ, ಬೇರೆ ತೊಂದರೆಯಿಲ್ಲ. ಜಾಮೀನು ಬರೆಸಿಕೊಂಡು ಮನೆಗೆ ಕಳಿಸುತ್ತಿದ್ದೇನೆ. ಜುಲೈ ತಿಂಗಳ ದೊಡ್ಡ ಕೋರ್ಟಿಗೆ ಹಾಜರಾಗಬೇಕಾದವನನ್ನು ಅಲ್ಲಿಯವರೆಗೆ ಯಾರೂ ಹಿಡಿಯುವಂತಿಲ್ಲ. ಉಳಿದ ನಾಲ್ವರಿಗೆ ನನ್ನ ಬಳಿ ಯಾವ ಕಾಗದವೂ ಇರಲಿಲ್ಲ. ಅವರ ಹಡಗು ಇವತ್ತು ಬೆಳಿಗ್ಗೆ ಹೊರಟುಹೋಯಿತು.

ನಿನ್ನ ಅಣ್ಣ,
ರೋಲಂಡ್


ಸ್ಕೆಲ್ವಿಕ್
ಭಾನುವಾರ, ಏಪ್ರಿಲ್ 14, 1793

ಅಣ್ಣನಿಗೆ,

ಜೆತ್ರೋ ಮನೆ ಸೇರಿದ. ಮರ್ಸಿ ಹಿತ್ತಿಲ ಬಾಗಿಲಿನಿಂದ ಬಂದು ನನ್ನ ಎರಡೂ ಅಂಗೈಗಳನ್ನು ಕೆನ್ನೆಗೊತ್ತಿಕೊಂಡು ಕೂತಳು. ನಿನಗೂ ಋಣಿ ಎಂದು ಬರೆಯಲು ಹೇಳಿದ್ದಾಳೆ.

ಹಗಲಿನಲ್ಲಿ ನಾವಿಬ್ಬರೂ ಮಾತಾಡುವಂತಿಲ್ಲ. ಎದುರಾದರೆ ಅವಳು ಮುಖ ತಿರುಗಿಸಿ ಹೋಗಬೇಕು, ಹಾಗೆಂದು ನಾವೇ ಒಪ್ಪಿಕೊಂಡಿದ್ದೇವೆ. ಮೊದಲ ಸಲ ಅವಳು ಹಾಗೆ ಮಾಡಿದಾಗ ಇಬ್ಬರಿಗೂ ನಗು ಬಂತು. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಕೂರುತ್ತೇನೆ. ಪಾದ್ರಿಗಳು ಬಂದು, ಮಕ್ಕಳಿಗೆ ಬೈಬಲ್ ಓದಿಸುವ ಹಕ್ಕು ನನಗಿನ್ನು ಇಲ್ಲವೆಂದು ಮೆಲ್ಲಗೆ ಹೇಳಿ ಹೋದರು. ಅವರು ಹೇಳಿದ್ದು ಸರಿಯೇ, ಆದರೆ ಅವರಿಗೆ ಗೊತ್ತಿರುವ ಕಾರಣಕ್ಕಲ್ಲ. ಈ ಕಾಗದ ಅಂಚೆಯಲ್ಲಲ್ಲ, ನಂಬಿಕೆಯವರ ಕೈಯಲ್ಲಿ ಬರುತ್ತಿದೆ, ಅದಕ್ಕೇ ಬರೆಯುತ್ತೇನೆ, ಸುಳ್ಳಿಗೆ ದೇವರನ್ನು ಸಾಕ್ಷಿಗೆ ಕರೆದವಳು ನಾನು. ರಾತ್ರಿ ಪ್ರಾರ್ಥನೆಗೆ ಕೂತರೆ ಮೊದಲ ಸಾಲು ದಾಟುವುದಿಲ್ಲ.

ಜೆತ್ರೋ ನನ್ನ ಕಡೆ ನೋಡುವುದಿಲ್ಲ. ಕಿಟಕಿಯ ಕದ ಇನ್ನೂ ಹಾಗೇ ಇದೆ. ನಾನು ಬಟ್ಟೆ ಕಟ್ಟಿದ್ದೇನೆ.

ಡಾರ್ಕಸ್


ಹಾಲ್ಬರೋ
ಶುಕ್ರವಾರ, ಜೂನ್ 28, 1793

ತಂಗಿಗೆ,

ಜುಲೈ 9ರಂದು ನೀನು, ಜೆತ್ರೋ ಇಬ್ಬರೂ ಕೋರ್ಟಿಗೆ ಬರಬೇಕು. ಪೀಠದಲ್ಲಿ ಬೇರೆ ಮೂವರು ಮ್ಯಾಜಿಸ್ಟ್ರೇಟರಿರುತ್ತಾರೆ, ನಾನು ಸಾಕ್ಷಿಯಾಗಿರುತ್ತೇನೆ. ನೌಕಾಪಡೆಯವರು ಲಂಡನ್ನಿನಿಂದ ಒಬ್ಬ ವಕೀಲನನ್ನು ಕಳಿಸಿದ್ದಾರೆ. ಅವನಿಗೆ ಜೆತ್ರೋ ಮುಖ್ಯನಲ್ಲ. ಸುಳ್ಳು ಪ್ರಮಾಣ ಮಾಡಿದವಳನ್ನೂ ಅದನ್ನು ಗೊತ್ತಿದ್ದು ಒಪ್ಪಿದವನನ್ನೂ ಶಿಕ್ಷಿಸಿದರೆ ಮುಂದೆ ಯಾವ ಮ್ಯಾಜಿಸ್ಟ್ರೇಟನೂ ಅವರ ಹಡಗಿನ ಏಣಿ ಹತ್ತುವುದಿಲ್ಲ ಎಂಬುದು ಅವನ ಲೆಕ್ಕ.

ನೀನು ಆ ದಿನ ಏನನ್ನೂ ಹೇಳಬೇಡ. ಕೇಳಿದರೆ ತಲೆ ತಗ್ಗಿಸಿ ನಿಲ್ಲು. ಉಳಿದದ್ದು ನನಗಿರಲಿ.

ರೋಲಂಡ್


ಸ್ಕೆಲ್ವಿಕ್
ಗುರುವಾರ, ಜುಲೈ 11, 1793

ಅಣ್ಣನಿಗೆ,

ಬಸುರಿ ಎಂದು ಮಾರ್ಚಿನಲ್ಲಿ ಹೇಳಿದವಳ ಹೊಟ್ಟೆ ಜುಲೈಯಲ್ಲಿ ಎಲ್ಲಿ ಎಂದು ಆ ವಕೀಲ ಕೇಳಿದ. ಎಲ್ಲರೂ ನನ್ನ ನಡುವನ್ನು ನೋಡಿದರು. ನಾನು ತಲೆ ತಗ್ಗಿಸಿ ನಿಂತೆ, ನೀನು ಹೇಳಿದ ಹಾಗೆ. ಶಿಕ್ಷೆಗೆ ಸಿದ್ಧಳಾಗಿಯೇ ಬಂದಿದ್ದೆ. ಗಂಟಿನಲ್ಲಿ ಎರಡು ಜೊತೆ ಬಟ್ಟೆಯಿತ್ತು.

ಆಗ ಹಿಂದಿನಿಂದ ನಮ್ಮೂರ ಸೂಲಗಿತ್ತಿ ಪ್ಯಾಲಿಸ್ಟರ್ ಎದ್ದು ಬಂದು, ಬೈಬಲ್ ಮುಟ್ಟಿ, "ಏಪ್ರಿಲ್ ಮೊದಲಲ್ಲೇ ಇಳಿದುಹೋಯ್ತು ಧಣಿ. ನನ್ನ ಕೈಯಲ್ಲೇ. ನಾನೇ ಮಣ್ಣು ಮಾಡ್ದೆ" ಅಂದಳು. ಕೋರ್ಟಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರುಬಿಟ್ಟದ್ದು ಕೇಳಿಸಿತು. ಗಂಡು ಮಗುವೋ ಹೆಣ್ಣೋ ಎಂದು ಯಾರೋ ಕೇಳಿದರು. ತಿಳಿಯುವಷ್ಟು ಬೆಳೆದಿರಲಿಲ್ಲ ಅಂದಳು.

ಆಮೇಲೆ ನಿನ್ನ ಸರದಿ. ಮಾರ್ಚಿನಲ್ಲಿ ಈ ಪ್ರಮಾಣವನ್ನು ನಂಬಿದಿರಾ ಎಂದು ಕೇಳಿದರು. ನೀನೂ ಬೈಬಲ್ ಮುಟ್ಟಿದೆ. "ನಂಬಿದೆ" ಅಂದೆ.

ಜೆತ್ರೋನನ್ನು ಬಿಟ್ಟರು, ಹೊಸ ಚೀಟಿಯೂ ಸಿಕ್ಕಿತು. ವಕೀಲ ಕಾಗದ ಕಟ್ಟಿಕೊಂಡ. ಎಲ್ಲವೂ ನಮ್ಮ ಕಡೆಗೇ ಆಯಿತು. ಆದರೆ ಪ್ಯಾಲಿಸ್ಟರ್ ಮಾತಾಡುವಾಗ ನಾನು ಒಂದು ಸಲ ತಲೆಯೆತ್ತಿ ಮರ್ಸಿಯನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಗಂಡನನ್ನು ನೋಡುತ್ತಿದ್ದಳು.

ಹೊರಗೆ ಬಂದಾಗ ಮರ್ಸಿಯವರ ಗಾಡಿ ಹೊರಟುಹೋಗಿತ್ತು. ಬರುವಾಗ, ಯಾರೂ ಕಾಣದಂತೆ ಕತ್ತಲಿರುವಾಗಲೇ ಹೊರಟು, ಅದರಲ್ಲೇ ಬಂದು ಹಾಲ್ಬರೋ ಹೊರಗೆ ಇಳಿದಿದ್ದೆ. ಹನ್ನೊಂದು ಮೈಲಿ ನಡೆದೆ.

ಪ್ಯಾಲಿಸ್ಟರ್‌ಗೆ ಹಾಗೆ ಹೇಳಲು ನಾನು ಹೇಳಿರಲಿಲ್ಲ. ಮರ್ಸಿ ಹೇಳಿರಲಿಲ್ಲ. ಯಾರು ಹೇಳಿದ್ದು ಅಣ್ಣ?

ಡಾರ್ಕಸ್


ಹಾಲ್ಬರೋ
ಸೋಮವಾರ, ಜುಲೈ 15, 1793

ಡಾರ್ಕಸ್,

ನಾನು.

ಜೂನ್ ಕೊನೆಯಲ್ಲಿ ಒಂದು ದಿನ ನಿನಗೆ ತಿಳಿಯದಂತೆ ಸ್ಕೆಲ್ವಿಕ್‌ಗೆ ಬಂದು ಅವಳ ಮನೆ ಬಾಗಿಲು ತಟ್ಟಿದೆ. ಏನು ಕೇಳಲು ಬಂದಿದ್ದೇನೆಂದು ಹೇಳುವ ಮೊದಲೇ ಅವಳು ತಿಳಿದುಕೊಂಡಳು. ನಾನು ಏನೋ ಕೊಡಲು ಹೋದೆ. "ಇಟ್ಕೊಳಿ ಧಣಿ. ಅಕ್ಕೋರು ನಮ್ ಮೊಮ್ಮಕ್ಕಳಿಗೆ ಅಕ್ಷರ ಕಲಿಸಿದಾರೆ" ಅಂದಳು. ಅಷ್ಟೇ ಮಾತು.

ನಿನಗೆ ಹೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ನಿನ್ನನ್ನು ಸಂತೆಕಟ್ಟೆಯಲ್ಲಿ ಕುತ್ತಿಗೆಗೆ ಮರದ ಹಲಗೆ ಹಾಕಿ ನಿಲ್ಲಿಸುತ್ತಿದ್ದರು, ಜನ ಕೊಳೆತ ಮೀನು ಎಸೆಯುತ್ತಿದ್ದರು, ಆಮೇಲೆ ಏಳು ವರ್ಷ ಗಡೀಪಾರು ಮಾಡಿ ಎಲ್ಲಿಗೆ ಕಳಿಸುತ್ತಿದ್ದರೋ. ನಾನು ಅದೊಂದನ್ನೇ ನೋಡಿದೆ. ಮರ್ಸಿಯ ಕಿವಿಗೆ ಅದು ಹೇಗೆ ಕೇಳಿಸುತ್ತದೆಂದು ಯೋಚಿಸಲಿಲ್ಲ. ಮೊದಲು ಆ ಸಹಿ, ಈಗ ಈ ಸುಳ್ಳು, ಎರಡನೆಯ ಸಲ ನಾನು ಯೋಚಿಸದೆ ನಿನ್ನ ಊರಿಗೆ ಕೇಡು ಕಳಿಸಿದೆ.

ನಾನೇ ಬಂದು ಅವಳಿಗೆ ನಿಜ ಹೇಳುತ್ತೇನೆ. ಅಪ್ಪಣೆ ಕೊಡು.

ರೋಲಂಡ್


ಸ್ಕೆಲ್ವಿಕ್
ಬುಧವಾರ, ಆಗಸ್ಟ್ 21, 1793

ಅಣ್ಣನಿಗೆ,

ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ಸಿಟ್ಟು ಇತ್ತು, ಈಗಿಲ್ಲ. ನೀನು ಬರುವುದು ಬೇಡ. ನಿನ್ನ ಮಾತು ಅಕ್ಕಪಕ್ಕದವರ ಕಿವಿಗೆ ಬಿದ್ದರೆ ಪ್ಯಾಲಿಸ್ಟರ್‌ಳ ಕುತ್ತಿಗೆಗೆ ಬರುತ್ತದೆ.

ಮರ್ಸಿ ಹೋದ ವಾರ ಬಂದಿದ್ದಳು. ಖಾಲಿ ಶಾಲೆಯಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತಳು. ಕೈಯಲ್ಲಿ ಚಿಪ್ಪಿ ಬಿಡಿಸುವ ಚಾಕು ಹಾಗೇ ಇತ್ತು, ಕೆಲಸದ ನಡುವೆ ಎದ್ದು ಬಂದವಳು.

"ಒಂದೇ ಸಲ ಕೇಳ್ತೀನಿ. ಸುಳ್ಳೇ ತಾನೆ?" ಅಂದಳು.

ಸುಳ್ಳು ಎಂದೆ. ಪ್ಯಾಲಿಸ್ಟರ್ ಹೇಳಿದ್ದೂ ಸುಳ್ಳು, ಹೇಳಿಸಿದ್ದು ನನ್ನಣ್ಣ ಎಂದೆ.

"ಕೋರ್ಟಲ್ಲಿ ಬೈಬಲ್ ಮುಟ್ಟಿ ಹೇಳಿದ್ದೆಲ್ಲ ಸುಳ್ಳು. ಇಲ್ಲಿ ಬೆಂಚಿನ ಮೇಲೆ ಕೂತು ಹೇಳೋದು ನಿಜ. ಹಾಗಂತ ನಂಬಬೇಕಾ?"

ನಾವಿಬ್ಬರೂ ಕೂಡಿ ತಾನೇ ತೀರ್ಮಾನ ಮಾಡಿದ್ದು ಎಂದೆ.

"ಕೂಡಿ ಮಾಡಿದ್ದು ಹೌದು. ಆದ್ರೆ ನಾನು ಅಳೋದು ನಿಲ್ಲಿಸೋಕೆ ಮುಂಚೆನೇ ನೀನು 'ನಾನು ಹೇಳ್ತೀನಿ' ಅಂದಿದ್ದೆ ಕಣೇ. ಅವತ್ತು ನನಗೆ ಅದು ದೊಡ್ಡ ಮನಸ್ಸು ಅನ್ನಿಸ್ತು." ಚಾಕುವನ್ನು ಬೆಂಚಿನ ಮೇಲಿಟ್ಟು, "ಎಲ್ಲಿ, ಯಾವಾಗ ಅಂತ ಕೇಳಿದ್ರಂತೆ. ಒಂದೂ ತಪ್ಪದ ಹಾಗೆ ಹೇಳಿದ್ಯಂತೆ. ಏನು ಹೇಳ್ದೆ?" ಅಂದಳು.

ನಾನು ಹೇಳಲಾರದೆ ಹೋದೆ. ಅಟ್ಟ ಎಂದು ಹೇಳಬಹುದಿತ್ತು. ಅವನ ತೋಳಿನ ಗಾಯದ ಮಾತು ಬಾಯಿಗೆ ಬರಲಿಲ್ಲ. ಅವಳು ಎದ್ದು ಹೋದಳು.

ಇನ್ನೊಂದು ಸುದ್ದಿ. ಕಿಟ್ ಬ್ಲೆಂಕಿನ್ ತೀರಿಕೊಂಡ. ಯುದ್ಧದಲ್ಲಲ್ಲ, ಹಡಗಿನ ಜ್ವರದಲ್ಲಿ. ಅವನ ತಾಯಿಗೆ ಬಂದ ಕಾಗದವನ್ನು ಓದಿ ಹೇಳಿದ್ದು ನಾನೇ, ಪಾದ್ರಿಗಳನ್ನು ಬಿಟ್ಟರೆ ಊರಲ್ಲಿ ಓದುವವರು ಬೇರೆ ಯಾರಿದ್ದಾರೆ. ಮುದುಕಿ ಅಳಲಿಲ್ಲ. ಕಾಗದವನ್ನು ಮಡಿಸಿ ಎದೆಯೊಳಗಿಟ್ಟುಕೊಂಡು, ಸ್ವಲ್ಪವೂ ಕೊಂಕಿಲ್ಲದೆ, "ನಮ್ ಕಿಟ್ಟನ ಹೆಸರು ಹೇಳಿದ್ರೂ ನಡೀತಿತ್ತಲ್ವಾ ತಾಯಿ? ಅವನಿಗಾದ್ರೆ ಮದುವೇನೂ ಆಗಿರ್ಲಿಲ್ಲ" ಅಂದಳು.

ಇದಕ್ಕೆ ನೀನು ಉತ್ತರ ಹೇಳು.

ಡಾರ್ಕಸ್


ಹಾಲ್ಬರೋ
ಸೋಮವಾರ, ಸೆಪ್ಟೆಂಬರ್ 16, 1793

ತಂಗಿಗೆ,

ಆ ತಾಯಿಯ ಮಾತನ್ನು ಓದಿದ ಮೇಲೆ ಎರಡು ಕೆಲಸ ಮಾಡಿದೆ, ಅವು ಉತ್ತರವಲ್ಲ.

ಮೊದಲನೆಯದು, ಹೋದ ವಾರ ಹೊಸ ಲೆಫ್ಟಿನೆಂಟನೊಬ್ಬ ಹೊಸ ವಾರಂಟು ತಂದ. ಚಿಕ್ಕ ವಯಸ್ಸಿನವನು, ಬಾಗಿಲಲ್ಲೇ ಟೋಪಿ ತೆಗೆದ. ಸಹಿ ಹಾಕುವುದಿಲ್ಲ ಎಂದೆ. ಯಾವ ದೋಷ ಇದೆ ಎಂದು ಕೇಳಿದ. ದೋಷ ಏನೂ ಇಲ್ಲ, ಹಾಕುವುದಿಲ್ಲ ಎಂದೆ. ಅವನು ಇಲ್ಲಿಂದ ಪಕ್ಕದ ಊರಿನ ಮ್ಯಾಜಿಸ್ಟ್ರೇಟನ ಬಳಿ ಹೋಗಿ ಹಾಕಿಸಿಕೊಂಡನಂತೆ. ನಾನು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆಂದು ಮಾರ್ಚಿನಲ್ಲಿ ನಿನಗೆ ಬರೆದದ್ದು ಹಾಗೆ ನಿಜವಾಯಿತು. ಆದರೂ ಆ ರಾತ್ರಿ ನಿದ್ದೆ ಬಂತು.

ಎರಡನೆಯದು, ಮರುದಿನ ರಾಜೀನಾಮೆ ಕೊಟ್ಟೆ. ಸುಳ್ಳು ಪ್ರಮಾಣ ಮಾಡಿದವನು, ಮಾಡಿಸಿದವನು, ಇನ್ನೊಬ್ಬರ ಪ್ರಮಾಣ ಕೇಳಲು ಕೂರಬಾರದು. ಕಾರಣವನ್ನು ಮಂಡಿನೋವು ಎಂದು ಬರೆದೆ.

ಇಲ್ಲಿ ಮನೆ ದೊಡ್ಡದು, ನಾನೊಬ್ಬನೇ. ನೀನು ಬಂದುಬಿಡು. ಸ್ಕೆಲ್ವಿಕ್‌ನಲ್ಲಿ ನಿನಗಿನ್ನು ಏನಿದೆ?

ರೋಲಂಡ್


ಸ್ಕೆಲ್ವಿಕ್
ಶನಿವಾರ, ಅಕ್ಟೋಬರ್ 26, 1793

ಅಣ್ಣನಿಗೆ,

ನೀನು ಕರೆದದ್ದಕ್ಕೆ ಬರುತ್ತೇನೆಂದೇ ಬರೆಯಲು ಕೂತಿದ್ದೆ. ಪೆಟ್ಟಿಗೆಯನ್ನೂ ಕಟ್ಟಿದ್ದೆ. ಮೂರು ವಾರದ ಹಿಂದೆ ಬೆಳಿಗ್ಗೆ ಮರ್ಸಿ ಬಂದು ಮೊದಲಿನ ಬೆಂಚಿನಲ್ಲೇ ಕೂತಳು. ಜೊತೆಗೆ ಇಬ್ಬರು ಹುಡುಗಿಯರನ್ನೂ ಕರೆತಂದಿದ್ದಳು.

"ಇವರಿಗೆ ಓದು ಬಿಟ್ಟುಹೋಗ್ತಿದೆ. ನನಗೂ ಕಲಿಸು" ಅಂದಳು.

ಯಾಕೆ ಎಂದು ಕೇಳಿದೆ.

"ಅವತ್ತು ಕೋರ್ಟಲ್ಲಿ ನೀನು ಬರೆಸಿದ ಕಾಗದ ನಿಮ್ಮಣ್ಣನ ಹತ್ರ ಇದ್ಯಲ್ಲ. ಅದನ್ನ ನಾನೇ ಓದ್ಬೇಕು. ಬೇರೆಯವರ ಬಾಯಿಂದ ಕೇಳಿದ್ದು ಸಾಕು."

ಅಂದಿನಿಂದ ದಿನಾ ಬರುತ್ತಾಳೆ. ಚಿಪ್ಪಿ ಬಿಡಿಸಿ ಬಿಡಿಸಿ ಬೆರಳೆಲ್ಲ ಸೀಳಿರುವುದರಿಂದ ಬಳಪ ಹಿಡಿಯಲು ಕಷ್ಟ. ಹಿಡಿಯುತ್ತಾಳೆ. ನನ್ನ ಜೊತೆ ಅಕ್ಷರದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವಳು ಬರುವುದನ್ನು ನೋಡಿ ಪ್ಯಾಲಿಸ್ಟರ್ ತನ್ನ ಮೊಮ್ಮಕ್ಕಳನ್ನು ಕಳಿಸಿದಳು, ಆಮೇಲೆ ಇನ್ನೂ ಮೂವರು ಬಂದರು. ಈಗ ಎಂಟು ಜನ ಇದ್ದಾರೆ. ನಾನು ಪೆಟ್ಟಿಗೆ ಬಿಚ್ಚಿದೆ.

ಅವಳು ಚುರುಕು. ಚಿಕ್ಕವಳಿದ್ದಾಗ ಕಲಿಸಬೇಕಿತ್ತು. ನಿನ್ನೆ ತನ್ನ ಹೆಸರನ್ನು, ಗಂಡನ ಹೆಸರನ್ನು, ಕೇಳದೆಯೇ ನನ್ನ ಹೆಸರನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಸ್ವಲ್ಪ ಹೊತ್ತು ನೋಡಿ, ಅಂಗೈಯಿಂದ ಒರೆಸಿದಳು. "ಕೈಬರಹ ಓದೋಕೆ ಇನ್ನೂ ಎಷ್ಟು ದಿನ ಬೇಕು?" ಎಂದು ಕೇಳಿದಳು. ವಸಂತ ಬರುವುದರೊಳಗೆ ಎಂದೆ.

ಕಲಿಸುವುದನ್ನು ನಿಧಾನ ಮಾಡುವ ಆಸೆ ದಿನಾ ಬರುತ್ತದೆ. ಮಾಡುತ್ತಿಲ್ಲ.

ಗುಮಾಸ್ತನಿಂದ ಆ ಹೇಳಿಕೆಯ ನಕಲು ಬರೆಸಿ ನನಗೆ ಕಳಿಸು. ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆಯಲು ಹೇಳು. ಒಂದು ಪದವನ್ನೂ ಬಿಡುವುದು ಬೇಡ.

ನಿನ್ನ ತಂಗಿ,
ಡಾರ್ಕಸ್